ಮಿಡಿಯದ ಹೃದಯದ ಬೆನ್ನು ಹತ್ತಿ: ಟ್ರೊಪೋನಿನ್ ಟಿ ಕೆಲಸದ ದಿನಚರಿ

ಆರು ವಾರ ಹಿಡಿದ ಕೆಲಸ. ಅದರಲ್ಲಿ ನೆಟ್ಟಗೆ ನಡೆದದ್ದು ಕೊನೆಯ ಎರಡು ವಾರ ಮಾತ್ರ. ಅದಕ್ಕೂ ಮುಂಚೆ ನಾಲ್ಕು ವಾರ ನಾನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದದ್ದು ಜೀನಿನ ಪರಿಣಾಮವನ್ನಲ್ಲ, ನನ್ನದೇ ಕೈಯ ಎಡವಟ್ಟುಗಳನ್ನು. ನೋಟ್‌ಬುಕ್ಕಿನಲ್ಲಿದ್ದದ್ದನ್ನು ಹೆಚ್ಚು ತಿದ್ದದೆ ಇಲ್ಲಿ ಇಳಿಸುತ್ತಿದ್ದೇನೆ.

ಕೆಲಸ ಇಷ್ಟೇ: ಜೀಬ್ರಾಮೀನಿನ ಭ್ರೂಣದಲ್ಲಿ ಟ್ರೊಪೋನಿನ್ ಟಿ ಎಂಬ ಪ್ರೋಟೀನ್ ತಯಾರಾಗದಂತೆ ಮಾಡಿ, ಹೃದಯ ಹೇಗೆ ಬೆಳೆಯುತ್ತದೆ ಎಂದು ನೋಡುವುದು. ಹೃದಯದ ಸ್ನಾಯುಕೋಶದ ತೆಳು ಎಳೆಗಳ ಉದ್ದಕ್ಕೂ ಟ್ರೊಪೋಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಹಗ್ಗದಂತೆ ಮಲಗಿರುತ್ತದೆ. ಟ್ರೊಪೋನಿನ್‌ಗಳದ್ದು ಮೂವರ ತಂಡ, ಆ ತಂಡವನ್ನು ಹಗ್ಗಕ್ಕೆ ಕಟ್ಟಿ ನಿಲ್ಲಿಸುವುದು 'ಟಿ'. ಅದಿಲ್ಲದಿದ್ದರೆ ಕ್ಯಾಲ್ಸಿಯಂ ಬಂದರೂ ಸ್ನಾಯು ಎಳೆಯುವುದಿಲ್ಲ. ಈ ಜೀನು ಕೆಟ್ಟ ಮೀನಿನ ತಳಿಗೆ 'ಸೈಲೆಂಟ್ ಹಾರ್ಟ್' ಎಂದೇ ಹೆಸರು. ಜೀನು ಕೆಟ್ಟ ಮೀನುಗಳಿಗಾಗಿ ನಡೆಸಿ 1996ರಲ್ಲಿ ಪ್ರಕಟಿಸಿದ ದೊಡ್ಡ ಹುಡುಕಾಟಗಳಲ್ಲಿ ಕಂಡ ತಳಿ ಅದು. ಕೆಟ್ಟದ್ದು ಟ್ರೊಪೋನಿನ್ ಟಿ ಜೀನೇ ಎಂದು ತಿಳಿದದ್ದು 2002ರಲ್ಲಿ. ಮನುಷ್ಯರಲ್ಲಿ ಇದೇ ಪ್ರೋಟೀನಿನ ದೋಷಗಳು ಹೃದಯದ ಗೋಡೆ ದಪ್ಪವಾಗುವ ಕಾಯಿಲೆಗೆ ಕಾರಣ ಎಂಬುದು 1994ರಿಂದಲೇ ಗೊತ್ತು.

ಅಂದರೆ ಇದು ಉತ್ತರ ಗೊತ್ತಿರುವ ಲೆಕ್ಕ. ಯಾರೂ ಮುಟ್ಟದ ಇನ್ನೊಂದು ಪ್ರೋಟೀನಿಗೆ ಕೈ ಹಾಕುವ ಮುನ್ನ ಕೈ ಪಳಗಲಿ ಎಂದು ಇದನ್ನು ಆರಿಸಿದ್ದೆ. ಉತ್ತರ ಗೊತ್ತಿದ್ದದ್ದೇ ನನಗೆ ಮುಳುವಾಯಿತು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೀನೇ ಯಾಕೆ ಎಂದರೆ, ಅದರ ಭ್ರೂಣ ಗಾಜಿನಂತೆ ಪಾರದರ್ಶಕ, ತಾಯಿಯ ಹೊಟ್ಟೆಯ ಹೊರಗೆ ಬೆಳೆಯುತ್ತದೆ. ಮೇಲಾಗಿ ಅಷ್ಟು ಚಿಕ್ಕ ದೇಹಕ್ಕೆ ಬೇಕಾದ ಆಮ್ಲಜನಕ ಚರ್ಮದ ಮೂಲಕವೇ ಇಳಿಯುತ್ತದೆ. ಹಾಗಾಗಿ ಹೃದಯ ಒಮ್ಮೆಯೂ ಮಿಡಿಯದಿದ್ದರೂ ಮರಿ ಕೆಲವು ದಿನ ಬದುಕಿರುತ್ತದೆ. ಇಲಿಯ ಭ್ರೂಣದಲ್ಲಿ ಈ ಸೌಲಭ್ಯವಿಲ್ಲ.

ದಿನ 1 ರಿಂದ 6: ಸೂಜಿ

ಬಳಸಿದ್ದು: 1 ಮಿ.ಮೀ. ಹೊರ ವ್ಯಾಸದ, ಒಳಗೆ ಎಳೆಯಿರುವ ಗಾಜಿನ ಕೊಳವೆ, ಸೂಜಿ ಎಳೆಯುವ ಯಂತ್ರ, ಗಾಳಿಯ ಒತ್ತಡದಲ್ಲಿ ಹನಿ ಬಿಡುವ ಇಂಜೆಕ್ಟರ್, 5ನೇ ನಂಬರಿನ ಚಿಮಟ, ಮೊಟ್ಟೆ ಕೂರಿಸಲು ಸಾಲು ಕೊರೆದ ಶೇ. 1.5ರ ಅಗರೋಸ್ ತಟ್ಟೆ. ಚುಚ್ಚುವ ದ್ರವದಲ್ಲಿ ಜೀನನ್ನು ಕತ್ತರಿಸುವ ಕ್ಯಾಸ್9 ಪ್ರೋಟೀನ್, ಅದನ್ನು ಬೇಕಾದ ಜೀನಿಗೆ ಕರೆದೊಯ್ಯುವ ಗೈಡ್ ಆರ್‌ಎನ್‌ಎ, ಕಣ್ಣಿಗೆ ಕಾಣಲಿ ಎಂದು ಶೇ. 0.05 ಫಿನಾಲ್ ರೆಡ್.

ಮೊದಲ ಮೂರು ದಿನ ಸೂಜಿ ಕಟ್ಟಿಕೊಳ್ಳುವುದೇ ಆಯಿತು. ಎರಡು ಮೊಟ್ಟೆ ಚುಚ್ಚುವುದು, ಮೂರನೆಯದಕ್ಕೆ ಹನಿ ಬಾರದು. ತುದಿ ಮುರಿದು ದೊಡ್ಡದು ಮಾಡಿದೆ, ಮೊಟ್ಟೆ ಒಡೆಯಿತು. ಯಂತ್ರದ ಶಾಖ ಬದಲಿಸಿ ಬೇರೆ ಆಕಾರದ ಸೂಜಿ ಎಳೆದೆ, ಅದೂ ಕಟ್ಟಿತು. ಹದಿನೇಳು ಸೂಜಿ ಕಸದ ಡಬ್ಬಿ ಸೇರಿದ ಮೇಲೆ ದ್ರವದ ಕೊಳವೆಯನ್ನು ದೀಪಕ್ಕೆ ಹಿಡಿದು ನೋಡಿದರೆ ತಳದಲ್ಲಿ ಹಾಲಿನಂಥ ಮೋಡ. ತಪ್ಪು ಸೂಜಿಯದಲ್ಲ. ಉಪ್ಪು ಕಡಿಮೆಯಾಗಿ ಕ್ಯಾಸ್9 ಗಡ್ಡೆ ಕಟ್ಟುತ್ತಿತ್ತು. ಪೊಟ್ಯಾಸಿಯಂ ಕ್ಲೋರೈಡ್ 300 ಮಿಲಿಮೋಲಾರ್‌ಗೆ ಏರಿಸಿ, 37 ಡಿಗ್ರಿಯಲ್ಲಿ 5 ನಿಮಿಷ ಇಟ್ಟು, ಬಳಸುವ ಮುನ್ನ ಒಂದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವ ಮಾತ್ರ ತೆಗೆದುಕೊಂಡೆ. ಅಲ್ಲಿಂದಾಚೆಗೆ ಒಂದೇ ಸೂಜಿಯಲ್ಲಿ ನೂರು ಮೊಟ್ಟೆ.

ಹೊತ್ತಿನ ಲೆಕ್ಕ ಬಿಗಿ. ಹಿಂದಿನ ಸಂಜೆ ಗಂಡು ಹೆಣ್ಣು ಮೀನುಗಳ ನಡುವೆ ತಡೆ ಹಾಕಿಟ್ಟು, ಬೆಳಿಗ್ಗೆ ದೀಪ ಹತ್ತಿದ ಕೂಡಲೇ ತೆಗೆಯಬೇಕು. ಮೊಟ್ಟೆ ಬಿದ್ದು ಮುಕ್ಕಾಲು ಗಂಟೆಯೊಳಗೆ ಒಂದು ಕೋಶ ಎರಡಾಗುತ್ತದೆ. ಅಷ್ಟರಲ್ಲಿ ಚುಚ್ಚಿ ಮುಗಿಸಬೇಕು, ಅದೂ ಹಳದಿಗಲ್ಲ, ಕೋಶಕ್ಕೇ.

ದಿನ 8 ಮತ್ತು 9: ಸುಳ್ಳು ಗೆಲುವು

140 ಮೊಟ್ಟೆ ಚುಚ್ಚಿದೆ. ಮರುದಿನ 96 ಉಳಿದಿದ್ದವು. ಸರಿಯಾಗಿ 24 ಗಂಟೆಗೆ ನೋಡಿದರೆ ಒಂದರಲ್ಲೂ ಮಿಡಿತವಿಲ್ಲ! ಒಂದರಲ್ಲೂ ಅಂದರೆ ಒಂದರಲ್ಲೂ. ಚುಚ್ಚದ ಮೊಟ್ಟೆಗಳ ತಟ್ಟೆಯಲ್ಲಿ ಹೃದಯಗಳು ಆಗಲೇ ಅದುರತೊಡಗಿದ್ದವು. ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ 'ನೂರಕ್ಕೆ ನೂರು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಪುಟವನ್ನು ಹರಿದಿಲ್ಲ.

ಲ್ಯಾಬಿನ ಹಿರಿಯರೊಬ್ಬರು ಬಂದು ಒಮ್ಮೆ ಕಣ್ಣು ಹಾಯಿಸಿ, "ಇವಕ್ಕೆ ಬಾಲವೇ ಇನ್ನೂ ಪೂರ್ತಿ ಬಿಟ್ಟಿಲ್ಲವಲ್ಲೋ. ತಟ್ಟೆ ಎಲ್ಲಿಟ್ಟಿದ್ದೆ?" ಎಂದರು.

ಸತ್ತ ಮೊಟ್ಟೆ ಆರಿಸಲು ಚುಚ್ಚಿದ ತಟ್ಟೆಗಳನ್ನು ಮೇಜಿನ ಮೇಲೆ ತಂದಿಟ್ಟಿದ್ದೆ, ಅಲ್ಲೇ ಮರೆತಿದ್ದೆ. ಕೋಣೆ 25 ಡಿಗ್ರಿ. ಚುಚ್ಚದವು ಮಾತ್ರ ಇನ್‌ಕ್ಯುಬೇಟರಿನಲ್ಲಿ 28.5ರಲ್ಲಿ ಬೆಚ್ಚಗಿದ್ದವು. ಮೀನಿನ ಭ್ರೂಣದ ಗಡಿಯಾರ ಶಾಖದ ಮೇಲೆ ಓಡುತ್ತದೆ. ಲೆಕ್ಕಕ್ಕೆ ಒಂದು ಸೂತ್ರವಿದೆ: ಶಾಖವನ್ನು 0.055ರಿಂದ ಗುಣಿಸಿ 0.57 ಕಳೆಯಿರಿ, ಬಂದದ್ದೇ ವೇಗ. 28.5ಕ್ಕೆ ಅದು ಸುಮಾರು 1. 25ಕ್ಕೆ 0.805. ಅಂದರೆ ನನ್ನ '24 ಗಂಟೆಯ' ಭ್ರೂಣಗಳು ನಿಜಕ್ಕೂ 19 ಗಂಟೆಯವು. ಆ ಹೊತ್ತಿಗೆ ಹೃದಯ ಇನ್ನೂ ಶಂಕುವಿನಾಕಾರದ ಕೋಶಗಳ ಗುಂಪು. ಎರಡು ಬದಿಯಿಂದ ಬಂದ ಸ್ನಾಯುಕೋಶಗಳು ನಡುವೆ ಕೂಡಿಕೊಂಡಿರುತ್ತವೆ, ಕೊಳವೆಯಾಗಿರುವುದಿಲ್ಲ. ಮಿಡಿಯುವ ಮಾತೆಲ್ಲಿ!

ಅವೇ ತಟ್ಟೆಗಳನ್ನು ಸಂಜೆ ನೋಡಿದೆ. ಬಹುಪಾಲು ಹೃದಯಗಳು ಟಕಟಕ ಹೊಡೆಯುತ್ತಿದ್ದವು.

ಉತ್ತರ ಗೊತ್ತಿದ್ದದ್ದು ಮುಳುವಾಯಿತು ಎಂದದ್ದು ಇದಕ್ಕೇ. 'ಮಿಡಿಯಬಾರದು' ಎಂದು ಕಾಯುತ್ತಿದ್ದವರ ಕಣ್ಣಿಗೆ ಮಿಡಿಯದ್ದು ಕಂಡಾಗ ಮತ್ತೊಮ್ಮೆ ನೋಡುವ ಮನಸ್ಸು ಬರುವುದಿಲ್ಲ. ಆಮೇಲೆ ಮಾಡಿಕೊಂಡ ನಿಯಮ: ವಯಸ್ಸನ್ನು ಗಡಿಯಾರದಿಂದ ಬರೆಯಬಾರದು, ದೇಹ ನೋಡಿ ಬರೆಯಬೇಕು. ಎಲ್ಲ ತಟ್ಟೆಗಳೂ ಒಂದೇ ಕಪಾಟಿನ ಒಂದೇ ಅಂತಸ್ತಿನಲ್ಲಿರಬೇಕು.

ದಿನ 12 ರಿಂದ 20: ಊತ

ಅತಿ ಹೆಚ್ಚು ದಿನ ತಿಂದದ್ದು ಇದು. ಶಾಖ ಸರಿಮಾಡಿದ ಮೇಲೆ 48 ಗಂಟೆಗೆ ಭ್ರೂಣಗಳಲ್ಲಿ ಹೃದಯದ ಸುತ್ತ ನೀರು ತುಂಬಿದ ಗುಳ್ಳೆ, ಒಳಗೆ ನಿಧಾನವಾಗಿ ಎಳೆದಾಡುವ ಹೃದಯ. ಸೈಲೆಂಟ್ ಹಾರ್ಟ್ ಮೀನಿನಲ್ಲೂ ಇಂಥ ಊತ ಬರುತ್ತದೆ. ಹಾಗಾಗಿ 'ಅರ್ಧ ಕೆಲಸ ಮಾಡಿದೆ' ಎಂದು ಸಮಾಧಾನ ಮಾಡಿಕೊಂಡೆ. ಗೈಡ್ ಆರ್‌ಎನ್‌ಎ ಪ್ರಮಾಣ ಏರಿಸಿದೆ. ಊತ ಹೆಚ್ಚಿತು, ಮಿಡಿತ ನಿಲ್ಲಲಿಲ್ಲ. ಇನ್ನೂ ಏರಿಸಿದೆ. ಬಾಲ ಸೊಟ್ಟಗಾಯಿತು, ಕಣ್ಣು ಚಿಕ್ಕದಾಯಿತು, ತಲೆಯ ಭಾಗ ಬೂದು ಬಣ್ಣಕ್ಕೆ ತಿರುಗಿತು. ಕೋಶಗಳು ಸಾಯುತ್ತಿರುವಾಗ ಪಾರದರ್ಶಕ ಭ್ರೂಣ ಹಾಗೆ ಮಬ್ಬಾಗುತ್ತದೆ.

ಇಲ್ಲಿಯವರೆಗೆ ನನ್ನ ಬಳಿ ಚುಚ್ಚದ ಮೊಟ್ಟೆಗಳೊಂದೇ ಹೋಲಿಕೆಗಿದ್ದವು. 18ನೇ ದಿನ ಕೊನೆಗೂ ಗೈಡ್ ಇಲ್ಲದ ಬರೀ ಕ್ಯಾಸ್9 ಚುಚ್ಚಿ ನೋಡಿದೆ. ಅವಕ್ಕೂ ಅದೇ ಊತ, ಅದೇ ಸೊಟ್ಟ ಬಾಲ. ಒಂದು ವಾರದ ಕೆಲಸ ಅಲ್ಲಿಗೆ ನೀರುಪಾಲು.

ಕಾರಣ ಹುಡುಕಲು ಇನ್ನೆರಡು ದಿನ. ಹನಿಯ ಅಳತೆ ಮಾಡುವುದು ಎಣ್ಣೆಯೊಳಗೆ ಹನಿ ಬಿಟ್ಟು, ಕಣ್ಣುಗಾಜಿನ ಅಳತೆಪಟ್ಟಿಯಲ್ಲಿ ಅಡ್ಡಳತೆ ಎಣಿಸಿ. 0.12 ಮಿ.ಮೀ. ಅಡ್ಡಳತೆಯ ಹನಿ ಸುಮಾರು 0.9 ನ್ಯಾನೋಲೀಟರ್. ಪಟ್ಟಿಯ ಒಂದು ಮನೆ 0.01 ಮಿ.ಮೀ., ಹನ್ನೆರಡು ಮನೆ ಬಂದರೆ ಸರಿ. ಆದರೆ ಆ 0.01 ಎಂಬುದು 4 ಪಟ್ಟು ಜೂಮ್‌ನಲ್ಲಿ ತೆಗೆದ ಅಳತೆ. ನಾನು ಕೂರುತ್ತಿದ್ದದ್ದು 2.5 ಪಟ್ಟಿನಲ್ಲಿ, ಯಾಕೆಂದರೆ ಸಾಲಿಡೀ ಮೊಟ್ಟೆ ಕಾಣುತ್ತದೆ, ಆರಾಮ. ಅಲ್ಲಿ ಒಂದು ಮನೆ 0.016. ಹನಿಯ ನಿಜವಾದ ಅಡ್ಡಳತೆ 0.192. ಅಡ್ಡಳತೆ 1.6 ಪಟ್ಟಾದರೆ ಗಾತ್ರ ನಾಲ್ಕು ಪಟ್ಟು ಮೀರುತ್ತದೆ. ಒಂದು ನ್ಯಾನೋಲೀಟರಿನ ಬದಲು ಹತ್ತಿರ ಹತ್ತಿರ 3.7 ನ್ಯಾನೋಲೀಟರ್ ಆ ಒಂದು ಕೋಶಕ್ಕೆ ತುರುಕುತ್ತಿದ್ದೆ. ಮೇಲಿಂದ ಗೈಡ್ ಪ್ರಮಾಣ ಬೇರೆ ಏರಿಸಿದ್ದೆ.

ಜೂಮ್ ಗುಂಡಿಗೆ ಈಗ ಟೇಪ್ ಸುತ್ತಿದೆ.

ಹೃದಯದ ಸುತ್ತಲ ಊತವನ್ನು ಹೃದಯದ ಲಕ್ಷಣವೆಂದು ನಂಬುವುದನ್ನು ಅಂದೇ ಬಿಟ್ಟೆ. ವಿಷಕ್ಕೂ ಊತ, ಹೆಚ್ಚು ಚುಚ್ಚಿದರೂ ಊತ, ಭ್ರೂಣಕ್ಕೆ ಏನೇ ಆದರೂ ಮೊದಲು ಕಾಣುವುದು ಅದೇ.

ದಿನ 22 ರಿಂದ 25: ಎಣಿಕೆ

ಮಿಡಿತ ಎಣಿಸುವ ರೀತಿಯನ್ನೂ ಪರೀಕ್ಷಿಸಿಕೊಳ್ಳೋಣ ಎಂದು ಚುಚ್ಚದ ಮೀನುಗಳನ್ನೇ ಎಣಿಸಿದೆ. 48 ಗಂಟೆಯ ಒಂದು ಮರಿ ನಿಮಿಷಕ್ಕೆ 128. ಕಾಲು ಗಂಟೆ ಬಿಟ್ಟು ಅದೇ ಮರಿ 170! ಹ್ಯಾಲೊಜೆನ್ ದೀಪದ ಕೆಳಗೆ ತಟ್ಟೆಯ ನೀರು 26ರಿಂದ 32 ಡಿಗ್ರಿಗೆ ಏರಿತ್ತು. ಎಲ್‌ಇಡಿ ದೀಪ ಹಾಕಿ, ತಟ್ಟೆಯ ಕೆಳಗೆ 28.5ರ ಬಿಸಿ ಹಲಗೆ ಇಟ್ಟು, ಐದು ನಿಮಿಷ ಬಿಟ್ಟು ಎಣಿಸಿದರೆ ಏರಿಳಿತ ತಗ್ಗಿತು.

ಅರಿವಳಿಕೆಯದ್ದು ಇನ್ನೊಂದು ಕಿರಿಕಿರಿ. ಟ್ರೈಕೇನ್ ನೀರಿಗೆ ಹಾಗೇ ಹಾಕಿದರೆ ನೀರು ಹುಳಿಯಾಗುತ್ತದೆ, ಹೃದಯವೂ ನಿಧಾನವಾಗುತ್ತದೆ. ಶೇ. 0.4ರ ದ್ರಾವಣವನ್ನು ಟ್ರಿಸ್‌ನಿಂದ ಪಿಎಚ್ 7ಕ್ಕೆ ತಂದು, 100 ಮಿಲಿಲೀಟರ್ ನೀರಿಗೆ 4.2 ಮಿಲಿಲೀಟರ್ ಸೇರಿಸಿದೆ. 'ಮಿಡಿಯುತ್ತಿದೆಯೋ ಇಲ್ಲವೋ' ಎಂಬ ತೀರ್ಮಾನಕ್ಕೆ ಮಾತ್ರ ಟ್ರೈಕೇನ್ ಇಲ್ಲದೆಯೇ ನೋಡುವುದು.

ತಟ್ಟೆಗಳ ಮೇಲಿನ ಹೆಸರನ್ನು ಬೇರೊಬ್ಬರಿಂದ ಅಕ್ಷರಗಳಿಗೆ ಬದಲಿಸಿಕೊಂಡೆ. ಯಾವುದು ಯಾವುದೆಂದು ಎಣಿಸಿ ಮುಗಿಯುವವರೆಗೆ ನನಗೆ ಗೊತ್ತಿರಬಾರದು. ನನ್ನ ಕಣ್ಣಿನ ಮೇಲೆ ನನಗೆ ಅಷ್ಟರಲ್ಲಿ ನಂಬಿಕೆ ಹೋಗಿತ್ತು.

ದಿನ 29 ರಿಂದ 32: ಕೊನೆಗೂ

ಐದು ತಟ್ಟೆ: ಚುಚ್ಚದವು, ಬರೀ ಕ್ಯಾಸ್9, ಮೀನಿನ ಯಾವ ಜೀನಿಗೂ ಹೊಂದದ ಗೈಡ್, ಟ್ರೊಪೋನಿನ್ ಟಿ ಜೀನಿನ ಒಂದನೇ ಗೈಡ್, ಅದೇ ಜೀನಿನ ಬೇರೆ ಜಾಗಕ್ಕೆ ಎರಡನೇ ಗೈಡ್. ಹನಿ 0.9 ನ್ಯಾನೋಲೀಟರ್, ಈ ಸಲ ನಿಜವಾಗಿ.

30 ಗಂಟೆಗೆ 'ಸಿ' ತಟ್ಟೆ ತೆಗೆದೆ. ಮೊದಲ ಭ್ರೂಣ. ಬಾಲ ನೆಟ್ಟಗೆ, ಕಣ್ಣು ಸರಿಯಾದ ಗಾತ್ರ, ತಲೆ ಸ್ವಚ್ಛ ಗಾಜು. ಚಿಮಟದ ತುದಿಯಿಂದ ಮುಟ್ಟಿದರೆ ಬಾಲ ಝಾಡಿಸಿತು. ಹಳದಿಯ ಮುಂದೆ ಹೃದಯದ ಕೊಳವೆ ಇದ್ದ ಕಡೆಗೇ ಇದೆ. ಅಲ್ಲಾಡುತ್ತಿಲ್ಲ. ಒಂದು ನಿಮಿಷ ಉಸಿರು ಬಿಗಿಹಿಡಿದು ನೋಡಿದೆ. ಅಲ್ಲಾಡಲಿಲ್ಲ. ರಕ್ತಕಣಗಳು ಹಳದಿಯ ಮೇಲೆ ಒಂದೆಡೆ ಗುಂಪುಗೂಡಿ ಕೂತಿದ್ದವು, ಹೊರಟ ಲಕ್ಷಣವೇ ಇಲ್ಲ.

ದೇಹ ಈಜುತ್ತದೆ, ಹೃದಯ ಮಾತ್ರ ಮೌನ. ಈ ಜೋಡಿಯೇ ಗುರುತು. ಮೈ ಸ್ನಾಯುಗಳಲ್ಲಿ ಟ್ರೊಪೋನಿನ್ ಟಿಯ ಬೇರೆ ಜೀನುಗಳು ಕೆಲಸ ಮಾಡುತ್ತವೆ, ಅವನ್ನು ನಾನು ಮುಟ್ಟಿರಲಿಲ್ಲ. ಹೆಚ್ಚು ಚುಚ್ಚಿ ಕೆಡಿಸಿದ ಭ್ರೂಣದಲ್ಲಿ ಇದು ತಿರುಗುಮುರುಗು: ಮೈಯೆಲ್ಲ ಹಾಳು, ಹೃದಯ ಹೇಗೋ ಹೊಡೆಯುತ್ತಲೇ ಇರುತ್ತದೆ.

ಹೆಸರು ಬಿಚ್ಚಿದಾಗ 'ಸಿ' ಒಂದನೇ ಗೈಡ್. ಅದರಲ್ಲಿ 58ರಲ್ಲಿ 41 ಪೂರ್ತಿ ಮೌನ. ಎರಡನೇ ಗೈಡ್‌ನಲ್ಲಿ 52ರಲ್ಲಿ 30. ಉಳಿದ ಮೂರು ತಟ್ಟೆಯಲ್ಲಿ ಒಂದೂ ಇಲ್ಲ. ಕೆಲವು ಹೃದಯಗಳಲ್ಲಿ ಅಲ್ಲೊಂದು ಇಲ್ಲೊಂದು ತೇಪೆ ಮಾತ್ರ ಮಿಸುಕುತ್ತಿತ್ತು. ಕ್ಯಾಸ್9 ಎಲ್ಲ ಕೋಶಗಳಲ್ಲೂ ಒಂದೇ ಹೊತ್ತಿಗೆ ಕತ್ತರಿಸುವುದಿಲ್ಲವಾದ್ದರಿಂದ ಭ್ರೂಣ ಹೀಗೆ ಕಲಬೆರಕೆಯಾಗುತ್ತದೆ. ಅವನ್ನು 'ಮೌನ'ದ ಲೆಕ್ಕಕ್ಕೆ ಸೇರಿಸಿಲ್ಲ.

ಪ್ರತಿ ತಟ್ಟೆಯಿಂದ ಎಂಟು ಭ್ರೂಣ ತೆಗೆದು, 50 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ 95 ಡಿಗ್ರಿಗೆ ಬೇಯಿಸಿ, ಟ್ರಿಸ್ ಹಾಕಿ ಪಿಸಿಆರ್ ಮಾಡಿದೆ. ಜೆಲ್‌ನಲ್ಲಿ ಕಂಟ್ರೋಲ್‌ಗಳದ್ದು ಒಂದೇ ಪಟ್ಟಿ, ಟ್ರೊಪೋನಿನ್ ಟಿ ಗೈಡ್ ಚುಚ್ಚಿದವುಗಳದ್ದು ಏಣಿಯಂತೆ ಹಲವು, ಅಂದರೆ ಜೀನು ಕತ್ತರಿಸಿದ ಗುರುತು.

ವಿಡಿಯೋ ಸೆಕೆಂಡಿಗೆ 60 ಚೌಕಟ್ಟು. ಫಿಜಿ ಎಂಬ ಚಿತ್ರ ಅಳೆಯುವ ತಂತ್ರಾಂಶದಲ್ಲಿ ಹೃತ್ಕುಕ್ಷಿಗೆ ಅಡ್ಡ ಒಂದು ಗೆರೆ ಎಳೆದು, ಎಲ್ಲ ಚೌಕಟ್ಟುಗಳ ಆ ಗೆರೆಯನ್ನು ಸಾಲಾಗಿ ಜೋಡಿಸುವ ರಿಸ್ಲೈಸ್ ಒತ್ತಿದರೆ, ಸಹಜ ಹೃದಯ ಅಲೆಅಲೆಯಾಗಿ ಬರುತ್ತದೆ. ಮೌನ ಹೃದಯ ಗೆರೆ ಹಾಕಿದ ಕಾಪಿ ಪುಸ್ತಕದ ಹಾಳೆ.

72 ಗಂಟೆಗೆ ನೋಟ ಬೇರೆ. ಹೃತ್ಕರ್ಣ ಉಬ್ಬಿತ್ತು, ಹೃತ್ಕುಕ್ಷಿ ಸೊರಗಿ ದಾರದಂತಾಗಿತ್ತು, ಸುತ್ತ ದೊಡ್ಡ ಊತ. ಈಗಿನ ಊತದ ಬಗ್ಗೆ ನನಗೆ ತಕರಾರಿಲ್ಲ, ಮಿಡಿತವಿಲ್ಲದ್ದನ್ನು ಊತಕ್ಕೆ ಮುಂಚೆಯೇ ಕಂಡಾಗಿತ್ತು. ಐದನೇ ದಿನಕ್ಕೆ ಎಲ್ಲವನ್ನೂ ಹೆಚ್ಚು ಟ್ರೈಕೇನ್ ಕೊಟ್ಟು ಮುಗಿಸಿದೆ.

ದಿನ 34: ಬೆಳಕಿನ ಅಲೆ

ಇದು ಯೋಜನೆಯಲ್ಲಿರಲಿಲ್ಲ. ಹೃದಯದ ಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಹಸಿರು ಹೊಳೆಯುವ ತಳಿಯ ಮೊಟ್ಟೆ ಸಿಕ್ಕಿತು, ಅದಕ್ಕೂ ಒಂದನೇ ಗೈಡ್ ಚುಚ್ಚಿದೆ. ಎರಡನೇ ದಿನ ಕೋಣೆಯ ದೀಪ ಆರಿಸಿ ನೋಡಿದರೆ, ಕಲ್ಲಿನಂತೆ ನಿಂತ ಹೃದಯದೊಳಗೆ ಹೃತ್ಕರ್ಣದ ಬಾಯಿಂದ ಬೆಳಕು ಹೊರಟು, ಎರಡು ಕೋಣೆಗಳ ನಡುವಿನ ಇಕ್ಕಟ್ಟಿನಲ್ಲಿ ಒಂದು ಕ್ಷಣ ತಡೆದು, ಹೃತ್ಕುಕ್ಷಿಯನ್ನು ದಾಟಿ ಹೋಯಿತು. ಮತ್ತೆ ಬಂತು. ಲಯ ತಪ್ಪದೆ.

ಓಡಿಸುವ ಅಪ್ಪಣೆ ಬರುತ್ತಲೇ ಇದೆ, ಓಡುವವರಿಲ್ಲ. ಟ್ರೊಪೋನಿನ್ ಟಿ ಕ್ಯಾಲ್ಸಿಯಂನ ಕೆಳಗಿನ ಮೆಟ್ಟಿಲಿನಲ್ಲಿರುವುದರಿಂದ ಹೀಗಾಗಲೇಬೇಕು ಎಂದು ಓದಿ ಗೊತ್ತಿತ್ತು. ಮಿಡಿಯುವ ಹೃದಯದಲ್ಲಿ ಚಿತ್ರ ಅಲುಗುತ್ತದೆ ಎಂದು ಕ್ಯಾಲ್ಸಿಯಂ ಅಳೆಯುವವರು ಬೇಕೆಂದೇ ಈ ಪ್ರೋಟೀನ್ ತಗ್ಗಿಸುತ್ತಾರೆ ಎಂಬುದೂ ಗೊತ್ತಿತ್ತು. ಆದರೂ ಅಂದು ಊಟದ ಹೊತ್ತು ಮೀರಿದ್ದು ತಿಳಿಯಲಿಲ್ಲ.

ದಿನ 36 ರಿಂದ 39: ಪ್ರೋಟೀನ್ ಇಲ್ಲದ್ದಕ್ಕೋ, ಮಿಡಿತ ಇಲ್ಲದ್ದಕ್ಕೋ?

ಮೌನ ಹೃದಯಗಳಲ್ಲಿ ಕವಾಟದ ದಿಂಬುಗಳು ಏಳಲಿಲ್ಲ. ಒಳಪದರ ಹೊಳೆಯುವ ತಳಿಯಲ್ಲಿ ನೋಡಿದರೆ ಎರಡು ಕೋಣೆಗಳ ನಡುವೆ ಬರೀ ತೆಳು ಗೋಡೆ. ಇದನ್ನು ಟ್ರೊಪೋನಿನ್ ಟಿಯ ತಲೆಗೆ ಕಟ್ಟಬಹುದೇ? ಕವಾಟ ಕಟ್ಟುವುದು ಒಳಪದರದ ಕೋಶಗಳು, ಈ ಪ್ರೋಟೀನ್ ಇರುವುದು ಸ್ನಾಯುವಿನಲ್ಲಿ.

ಚುಚ್ಚದ, ಪ್ರೋಟೀನ್ ಪೂರ್ತಿ ಇರುವ ಭ್ರೂಣಗಳನ್ನು 10 ಮಿಲಿಮೋಲಾರ್ ಬಿಡಿಎಂ ದ್ರಾವಣಕ್ಕೆ ಹಾಕಿದೆ, 10 ಮಿಲಿಲೀಟರಿಗೆ 10.1 ಮಿಲಿಗ್ರಾಂ. ಸ್ನಾಯುವಿನ ಎಳೆತವನ್ನೇ ತಡೆಯುವ ರಾಸಾಯನಿಕ ಅದು. ಹೃದಯ ನಿಂತಿತು, ಮೈಯೂ ಮರಗಟ್ಟಿತು. 36 ಗಂಟೆಯಿಂದ 60 ಗಂಟೆಯವರೆಗೆ ಇಟ್ಟವುಗಳಲ್ಲೂ ದಿಂಬು ಏಳಲಿಲ್ಲ. ಮೂರು ಸಲ ನೀರು ಬದಲಿಸಿದ ಮೇಲೆ ಅರ್ಧ ಗಂಟೆಯೊಳಗೆ ಬಹುಪಾಲು ಹೃದಯಗಳು ಮತ್ತೆ ಹೊಡೆದುಕೊಂಡವು, ಅಂದರೆ ಕೋಶಗಳು ಸತ್ತಿರಲಿಲ್ಲ. ಮಿಡಿತ ಮತ್ತು ರಕ್ತದ ಉಜ್ಜಾಟವೇ ಒಳಪದರಕ್ಕೆ 'ಇಲ್ಲಿ ಕವಾಟ ಕಟ್ಟು' ಎನ್ನುತ್ತದೆ ಎಂಬ ಹಳೆಯ ಮಾತಿಗೆ ಇದು ಹೊಂದುತ್ತದೆ. ಮೊದಲ ಸಲ ಮಾಡಿದಾಗ ದ್ರಾವಣ ಹಳೆಯದಿತ್ತು, ಹೃದಯ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಅದೇ ದಿನ ಕಲಸಿದ್ದನ್ನೇ ಬಳಸಿ.

ದಿನ 40ರಿಂದ: ಸಿಕ್ಕಿಬಿದ್ದಿರುವುದು

ಕಿತ್ತುಕೊಂಡದ್ದನ್ನು ವಾಪಸ್ ಕೊಟ್ಟರೆ ಹೃದಯ ಮಿಡಿಯಬೇಕು. ಟ್ರೊಪೋನಿನ್ ಟಿಯ ಆರ್‌ಎನ್‌ಎಯನ್ನು ಒಂದೇ ಕೋಶದ ಹಂತದಲ್ಲಿ ಚುಚ್ಚಿದೆ, ಮಿಡಿತ ಬರಲಿಲ್ಲ. ಹೃದಯ ಶುರುವಾಗುವ ಹೊತ್ತಿಗೆ ಒಂದು ದಿನ ಕಳೆದಿರುತ್ತದೆ, ಅಷ್ಟರಲ್ಲಿ ಅದು ಸವೆದುಹೋಗಿರಬೇಕು. ಹಾಗಾಗಿ ಹೃದಯದಲ್ಲಿ ಮಾತ್ರ ಚಾಲೂ ಆಗುವ ಪ್ರೊಮೋಟರಿನ (ಜೀನಿನ ಸ್ವಿಚ್ಚಿನ) ಮುಂದೆ ಜೀನು ಕೂರಿಸಿದ ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ) ಕಟ್ಟಿ, ಗೈಡ್ ಜೊತೆಗೇ ಚುಚ್ಚಿದೆ. ಆಗಲೂ ಮೌನ.

ಎರಡು ದಿನ ಪ್ಲಾಸ್ಮಿಡ್ಡನ್ನು ಶಪಿಸಿ, ಆಮೇಲೆ ಅದರ ಸೀಕ್ವೆನ್ಸನ್ನು ಪರದೆಯ ಮೇಲೆ ತೆರೆದು ಗೈಡ್‌ನ 20 ಅಕ್ಷರ ಹುಡುಕಿದೆ. ಸಿಕ್ಕಿತು, ಒಂದಕ್ಷರ ವ್ಯತ್ಯಾಸವಿಲ್ಲದೆ, ಕತ್ತರಿಸಲು ಕ್ಯಾಸ್9ಗೆ ಪಕ್ಕದಲ್ಲಿ ಬೇಕಾದ ಎರಡು 'ಜಿ'ಗಳ ಸಮೇತ. ಮೀನಿನ ಜೀನನ್ನು ಕತ್ತರಿಸಲು ಕಳಿಸಿದ ಕತ್ತರಿ ನಾನು ಕೊಟ್ಟ ಜೀನನ್ನೂ ಕತ್ತರಿಸುತ್ತಿತ್ತು.

ಪ್ರೋಟೀನ್ ಬದಲಾಗದಂತೆ, ಗೈಡ್ ಮಾತ್ರ ಕೂರದಂತೆ ಮೂರು ಅಕ್ಷರ ಬದಲಿಸಿದ ಹೊಸ ಪ್ಲಾಸ್ಮಿಡ್ ಮೊನ್ನೆ ಬ್ಯಾಕ್ಟೀರಿಯಾಕ್ಕೆ ಹಾಕಿದ್ದೇನೆ. ತಟ್ಟೆಯಲ್ಲಿ 11 ಕಾಲೊನಿ ಎದ್ದಿವೆ. ನಾಲ್ಕನ್ನು ಸೀಕ್ವೆನ್ಸಿಂಗ್‌ಗೆ ಕಳಿಸಿದೆ, ಇನ್ನೂ ಬಂದಿಲ್ಲ.